ಹಳೆಯ ಅಗ್ಗಿಷ್ಟಿಕೆಗೆ ಹೊಸ ಒಲೆ: ಮೊದಲು ಹೊಗೆಯ ದಾರಿ ನೋಡಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಊರಿನಲ್ಲಿ ನಾವು ಕೊಂಡ ಮನೆ 1920ರ ದಶಕದ್ದು. ನಡುಮನೆಯ ಗೋಡೆಯಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಇದೆ. ಮನೆ ತೋರಿಸಲು ಬಂದವರು ಅದರ ಮುಂದೆ ನಿಂತು ಎರಡು ನಿಮಿಷ ಹೆಚ್ಚೇ ಮಾತನಾಡಿದ್ದರು. ಮೊದಲ ಜನವರಿಯ ಒಂದು ರಾತ್ರಿ, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದಾಗ, ಸೌದೆ ಒಟ್ಟಿ ಬೆಂಕಿ ಹಚ್ಚಿದೆವು. ಮುಖ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಒಂದು ಗಂಟೆ ಕಳೆಯುವಷ್ಟರಲ್ಲಿ ಹಿಂದಿನ ಮಲಗುವ ಕೋಣೆ ಮೊದಲಿಗಿಂತ ತಣ್ಣಗಾಗಿತ್ತು. ಮಲೆನಾಡಿನ ಅಜ್ಜನ ಮನೆಯಲ್ಲಿ ಬಚ್ಚಲೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆಳೆದ ನನಗೆ, ಬೆಂಕಿ ಹಾಕಿದರೆ ಮನೆ ತಣ್ಣಗಾಗುತ್ತದೆ ಎನ್ನುವುದು ಹೊಸ ಪಾಠ.

ಆಗುವುದು ಇಷ್ಟು. ಬೆಂಕಿ ಉರಿಯಲು ಬೇಕಾದ ಗಾಳಿಗಿಂತ ಹಲವು ಪಟ್ಟು ಹೆಚ್ಚು ಗಾಳಿ ಅಗ್ಗಿಷ್ಟಿಕೆಯ ತೆರೆದ ಬಾಯಿಯಿಂದ ಒಳಹೋಗಿ ಚಿಮಣಿ ಹತ್ತುತ್ತದೆ. ಅದು ಬರೀ ಗಾಳಿಯಲ್ಲ, ಬಾಯ್ಲರ್‌ಗೆ ದುಡ್ಡು ಸುರಿದು ಕಾಯಿಸಿದ ಗಾಳಿ. ಅದು ತೆರವು ಮಾಡಿದ ಜಾಗಕ್ಕೆ ಕಿಟಕಿಯ ಸಂದು, ಬಾಗಿಲ ಅಡಿ, ನೆಲಮಾಳಿಗೆಯ ಬಿರುಕುಗಳಿಂದ ಹೊರಗಿನ ಹಿಮಗಾಳಿ ನುಗ್ಗುತ್ತದೆ. ಸೌದೆಯಲ್ಲಿರುವ ಶಾಖದಲ್ಲಿ ಕೋಣೆಗೆ ದಕ್ಕುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದದ್ದು ಆಕಾಶಕ್ಕೆ. ಈ ದೂರು ಇಂದಿನದಲ್ಲ. 1740ರ ದಶಕದಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಅಗ್ಗಿಷ್ಟಿಕೆಯೊಳಗೆ ಕೂರಿಸುವ ಕಬ್ಬಿಣದ ಒಲೆಯೊಂದನ್ನು ರೂಪಿಸಿದ. ನಮ್ಮ ರಾಜ್ಯದ ವೊಬರ್ನ್‌ನಲ್ಲಿ 1753ರಲ್ಲಿ ಹುಟ್ಟಿ, ಮುಂದೆ ಯೂರೋಪಿನಲ್ಲಿ ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್, 1790ರ ದಶಕದಲ್ಲಿ ಲಂಡನ್ನಿನ ಅಗ್ಗಿಷ್ಟಿಕೆಗಳ ಗಂಟಲು ಕಿರಿದು ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಆಳ ತಗ್ಗಿಸಿ ತೋರಿಸಿದ. ನಮ್ಮ ಮನೆ ಕಟ್ಟಿದ ಗಾರೆಯವನಿಗೆ ಈ ಇಬ್ಬರ ಸುದ್ದಿಯೂ ಮುಟ್ಟಿದಂತೆ ಕಾಣುವುದಿಲ್ಲ.

ಇಂಥ ಮನೆಗಳವರು ಕೊನೆಗೆ ಮೊರೆಹೋಗುವುದು ಇನ್ಸರ್ಟ್ ಎಂಬ ಒಲೆಗೆ. ಅಗ್ಗಿಷ್ಟಿಕೆಯ ಬಾಯಿಯೊಳಗೆ ತೂರಿಸಿ ಕೂರಿಸುವ ಉಕ್ಕಿನ ಅಥವಾ ಎರಕದ ಕಬ್ಬಿಣದ ಪೆಟ್ಟಿಗೆ ಅದು. ಮುಂದೆ ಗಾಜಿನ ಬಾಗಿಲು, ಗಾಳಿಯನ್ನು ಹಿಗ್ಗಿಸಿ ಕುಗ್ಗಿಸುವ ಒಂದು ಹಿಡಿ, ಪೆಟ್ಟಿಗೆಯ ಸುತ್ತ ಕಾದ ಗಾಳಿಯನ್ನು ಕೋಣೆಗೆ ತಳ್ಳುವ ಚಿಕ್ಕ ಫ್ಯಾನು. ನೋಡಿದರೆ ಫ್ರಿಜ್ ಕೊಂಡ ಹಾಗೆ ಕೊಂಡು ಕೂರಿಸಬಹುದು ಅನ್ನಿಸುತ್ತದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಪೆಟ್ಟಿಗೆಯನ್ನು ಕೂರಿಸಲು ಹಿಡಿದದ್ದು ಒಂದು ಮಧ್ಯಾಹ್ನ. ಅದರ ಹೊಗೆಗೆ ದಾರಿ ಸಿದ್ಧ ಮಾಡಲು ಹಿಡಿದದ್ದು ಒಂದು ಬೇಸಿಗೆ.

ಹೊಗೆಯನ್ನೇ ಸುಡುವ ಒಲೆ

ಕಟ್ಟಿಗೆ ಉರಿಯುತ್ತದೆ ಎನ್ನುತ್ತೇವೆ. ನಿಜಕ್ಕೆ ಉರಿಯುವುದರಲ್ಲಿ ದೊಡ್ಡ ಪಾಲು ಕಟ್ಟಿಗೆಯಲ್ಲ, ಕಾದ ಕಟ್ಟಿಗೆ ಬಿಡುವ ಅನಿಲ. ಸೌದೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ಅನಿಲಗಳಲ್ಲಿರುತ್ತದೆ. ಅವು ಉರಿಯದೆ ತಪ್ಪಿಸಿಕೊಂಡರೆ ಅದಕ್ಕೆ ಹೊಗೆ ಎಂದು ಹೆಸರು. ಅಜ್ಜಿ ಊದುಗೊಳವೆ ಹಿಡಿದು ಒಂದು ಉಸಿರು ಊದಿದೊಡನೆ ಹೊಗೆ ಅಡಗಿ ಭಗ್ಗನೆ ಜ್ವಾಲೆ ಏಳುತ್ತಿದ್ದುದು ನೆನಪಿದೆಯಲ್ಲ? ಬೇಕಾದ ಜಾಗಕ್ಕೆ, ಬೇಕಾದ ಬಿಸಿಯಲ್ಲಿ ಗಾಳಿ ಸಿಕ್ಕರೆ ಹೊಗೆಯೂ ಸೌದೆಯೇ.

ಇನ್ಸರ್ಟ್ ಒಲೆಯಲ್ಲಿ ಈ ಕೆಲಸ ಮಾಡುವುದು ಬೆಂಕಿಯ ನೆತ್ತಿಯ ಮೇಲೆ ಅಡ್ಡವಾಗಿ ಕೂರಿಸಿದ ತೂತಿನ ಕೊಳವೆಗಳು. ಒಲೆಯ ಮೈಯೊಳಗೇ ಸುತ್ತಿ ಬಂದು ಕಾದ ಗಾಳಿ ಆ ತೂತುಗಳಿಂದ ಹೊಮ್ಮಿ ಹೊಗೆಯೊಡನೆ ಬೆರೆಯುತ್ತದೆ. ಕೊಳವೆಗಳ ಮೇಲಿನ ಅಡ್ಡಹಲಗೆ ಹೊಗೆಯನ್ನು ಒಮ್ಮೆಗೇ ಮೇಲೇರಗೊಡದೆ ತಡೆದು, ಮುಂದೆ ಬಳಸಿ ಹೋಗುವಂತೆ ಮಾಡುತ್ತದೆ. ಒಲೆ ಸರಿಯಾಗಿ ಕಾದಾಗ ಸೌದೆಗೆ ತಾಗದ ಜ್ವಾಲೆಗಳು ಚಾವಣಿಯಿಂದ ಇಳಿಬಿದ್ದಂತೆ ತೇಲುತ್ತವೆ. ನಮ್ಮ ಮನೆಗೆ ಬಂದವರೆಲ್ಲ ಅದನ್ನು ನೋಡುತ್ತಾ ಮಾತು ಮರೆಯುತ್ತಾರೆ. ಕೆಲವು ಒಲೆಗಳು ಕೊಳವೆಗಳ ಬದಲು, ಅಥವಾ ಅವುಗಳ ಜೊತೆಗೆ, ಕಡಿಮೆ ಬಿಸಿಯಲ್ಲೂ ಹೊಗೆ ಉರಿಯುವಂತೆ ಮಾಡುವ, ಕಾರಿನ ಹೊಗೆಕೊಳವೆಯಲ್ಲಿರುವಂಥ ವೇಗವರ್ಧಕವನ್ನು ಬಳಸುತ್ತವೆ. ಎರಡರಲ್ಲಿ ಯಾವುದಾದರೂ ಸರಿ, ಇಂದಿನ ಒಲೆಗಳಲ್ಲಿ ಸೌದೆಯ ಶಾಖದ ಮುಕ್ಕಾಲು ಪಾಲಿನ ಹತ್ತಿರ ಕೋಣೆಗೆ ದಕ್ಕುತ್ತದೆ.

ಈ ಸುಧಾರಣೆಯ ಹಿಂದೆ ಸರ್ಕಾರದ ಒತ್ತಾಯವೂ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೌದೆ ಒಲೆಗಳ ಹೊಗೆಗೆ ಮೊದಲು ಮಿತಿ ಹಾಕಿದ್ದು 1988ರಲ್ಲಿ. 2015ರಲ್ಲಿ ಅದನ್ನು ಬಿಗಿಗೊಳಿಸಿತು. 2020ರ ಮೇ ತಿಂಗಳಿನಿಂದ ಮಾರುವ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಕಣಗಳನ್ನು ಹೊರಬಿಡುವಂತಿಲ್ಲ, ಮನೆಯಲ್ಲಿ ಬಳಸುವಂಥ ಸೀಳು ಸೌದೆಯನ್ನೇ ಉರಿಸಿ ಪರೀಕ್ಷಿಸಿದರೆ 2.5 ಗ್ರಾಂ. ಇದನ್ನು ಓದಿದಾಗ ನನಗೆ ನೆನಪಾದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ, ಚಿಮಣಿಯಿದ್ದ, ಸೌದೆಗೂ ಗಾಳಿಗೂ ಅಳತೆ ಹಾಕಿದ ಆ ಒಲೆ ಕರ್ನಾಟಕದ ಹಳ್ಳಿ ಮನೆಗಳಿಗೆ ಕಾಲಿಟ್ಟಾಗ ಹೇಳಿದ್ದೂ ಇದೇ ಮಾತನ್ನು: ಬೆಂಕಿಯನ್ನು ಮುಚ್ಚಿ, ಗಾಳಿಯನ್ನು ಅಳೆದು ಕೊಡಿ, ಹೊಗೆಗೆ ದಾರಿ ಮಾಡಿ. ಅಡುಗೆಮನೆಯ ಇಲ್ಲಣ ಬಳಿದುಕೊಂಡು ಬೆಳೆದವರಿಗೆ ಅದರ ಬೆಲೆ ಗೊತ್ತು.

ಒಳ್ಳೆಯ ಒಲೆಯ ಕೆಟ್ಟ ಗುಣ

ನೂರು ವರ್ಷ ಬೆಂಕಿ ಉಂಡ ಚಿಮಣಿಗೆ ಚಿಕ್ಕದೊಂದು ಒಲೆ ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸುತ್ತದೆ. ತಪ್ಪು ಅಲ್ಲಿಯೇ. ತೆರೆದ ಬೆಂಕಿ ದಂಡಪಿಂಡ ಖರ್ಚುಗಾರ. ಶಾಖವನ್ನೆಲ್ಲ ಚಿಮಣಿಗೆ ಸುರಿದು ಅದರ ಗೋಡೆಗಳನ್ನು ಬೆಚ್ಚಗಿಡುತ್ತದೆ, ಹೊಗೆಗೆ ರಾಶಿ ಗಾಳಿ ಬೆರೆಸಿ ತೆಳುವಾಗಿಸಿ ರಭಸದಿಂದ ಹೊರತಳ್ಳುತ್ತದೆ. ಹೊಸ ಒಲೆ ಜಿಪುಣ. ಶಾಖವನ್ನು ಕೋಣೆಗೆ ಉಳಿಸಿ, ಚಿಮಣಿಗೆ ಸ್ವಲ್ಪವೇ, ಅದೂ ಅಷ್ಟೇನೂ ಬಿಸಿಯಿಲ್ಲದ ಹೊಗೆ ಕಳಿಸುತ್ತದೆ. ಆ ಬಡ ಹೊಗೆ ಕೊರೆಯುವ ಚಳಿಯ ದೊಡ್ಡ ಇಟ್ಟಿಗೆ ಬಾವಿಯೊಳಗೆ ಬಿದ್ದರೆ ಏನಾಗಬೇಕು? ನಿಧಾನವಾಗುತ್ತದೆ, ತಣಿಯುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರಲ್ಲಿರುವ ಟಾರು ಗೋಡೆಗೆ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಮೊದಲು ಪುಡಿ ಮಸಿ, ಆಮೇಲೆ ಗರಿಗರಿ ಚಕ್ಕೆ, ಕೊನೆಗೆ ಬ್ರಷ್ಷಿಗೆ ಜಗ್ಗದ, ಗಾಜಿನಂತೆ ಹೊಳೆಯುವ ಕರಿ ಲೇಪ. ಯಾವುದೋ ರಾತ್ರಿ ಒಂದು ಕಿಡಿ ಅಲ್ಲಿಗೆ ಮುಟ್ಟಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಒಳಗಿನ ತಾಪ 1,100 ಡಿಗ್ರಿ ಮುಟ್ಟಬಲ್ಲದು. ಕೇಳಿದವರು ಆ ಸದ್ದನ್ನು ರೈಲಿಗೋ ಜೆಟ್ ವಿಮಾನಕ್ಕೋ ಹೋಲಿಸುತ್ತಾರೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಒಲೆಯ ಹೊಗೆಬಾಯಿ ಸಾಮಾನ್ಯವಾಗಿ 6 ಅಂಗುಲದ ವೃತ್ತ, ಅಂದರೆ ಸುಮಾರು 28 ಚದರ ಅಂಗುಲ. ನಮ್ಮ ಚಿಮಣಿಯೊಳಗಿನ ಮಣ್ಣಿನ ಕೊಳವೆಗಳು ಹೊರಗಿನಿಂದ 13 ಅಂಗುಲದ ಚೌಕ. ಒಳಗಿನ ತೆರಪು ಹನ್ನೊಂದು ಕಾಲು, ಹಾಗಾದರೆ ಸುಮಾರು 127 ಚದರ ಅಂಗುಲ, ಹೊಗೆಬಾಯಿಯ ನಾಲ್ಕೂವರೆ ಪಟ್ಟು. ಅಮೆರಿಕದ ನಿಯಮದಂತೆ ಮನೆಯೊಳಗಿಂದ ಏರುವ ಚಿಮಣಿಗೆ ಮೂರು ಪಟ್ಟು, ಹೊರಗೋಡೆಗೆ ಅಂಟಿಕೊಂಡು ಚಳಿಗೆ ಮೈಯೊಡ್ಡಿದ ಚಿಮಣಿಗೆ ಎರಡೇ ಪಟ್ಟು ಮಿತಿ. ನಮ್ಮದು ಹೊರಗೋಡೆಯ ಚಿಮಣಿ.

ಇದನ್ನು ಲೆಕ್ಕಿಸದವರ ಕಥೆಗೆ ಇಲ್ಲಿ ಒಂದು ಹೆಸರೇ ಇದೆ. 1973ರ ತೈಲ ಬಿಕ್ಕಟ್ಟಿನ ನಂತರ ಎಣ್ಣೆಯ ಬೆಲೆಗೆ ಬೆಚ್ಚಿದ ಜನ ಸೌದೆ ಒಲೆಗಳಿಗೆ ಮುಗಿಬಿದ್ದರು. ಇನ್ಸರ್ಟ್‌ಗಳನ್ನು ಅಗ್ಗಿಷ್ಟಿಕೆಯ ಬಾಯಿಗೆ ತುರುಕಿ, ಸುತ್ತ ಒಂದು ತಗಡು ಮುಚ್ಚಿ, ಹೊಗೆಕೊಳವೆಯನ್ನೇನೂ ಜೋಡಿಸದೆ, ಹೊಗೆ ತಾನೇ ದಾರಿ ಹುಡುಕಿಕೊಳ್ಳಲಿ ಎಂದು ಬಿಟ್ಟರು. ಅಂಥವಕ್ಕೆ 'ಸ್ಲ್ಯಾಮರ್' ಎನ್ನುತ್ತಾರೆ. ಒಲೆಯ ಹಿಂದೆ, ಯಾರ ಕೈಯೂ ಹೋಗದ ಜಾಗದಲ್ಲಿ ಕ್ರಿಯೋಸೋಟ್ ಗುಡ್ಡೆ ಬೀಳುತ್ತಿತ್ತು. ಗುಡಿಸಬೇಕೆಂದರೆ ಇನ್ನೂರು ಕಿಲೋದ ಪೆಟ್ಟಿಗೆಯನ್ನು ಎಳೆದು ಹೊರತೆಗೆಯಬೇಕು, ಹಾಗಾಗಿ ಯಾರೂ ಗುಡಿಸುತ್ತಿರಲಿಲ್ಲ. ಇಂದಿಗೂ ಹಳೆಯ ಮನೆ ಕೊಂಡವರಿಗೆ ಇಂಥದ್ದು ಬಳುವಳಿಯಾಗಿ ಸಿಗುತ್ತದೆ. ಸಿಕ್ಕರೆ ಉರಿಸಬೇಡಿ.

ನೂರು ವರ್ಷದ ಚಿಮಣಿಯೊಳಗೆ ಇಣುಕಿದಾಗ

ಹೀಗಾಗಿ ಒಲೆಯ ಅಂಗಡಿಗೆ ಹೋಗುವ ಮೊದಲು ಚಿಮಣಿಯೊಳಗೆ ಕ್ಯಾಮೆರಾ ಇಳಿಸಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 211ನೇ ಮಾನದಂಡ ಚಿಮಣಿ ತಪಾಸಣೆಯನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮೊದಲನೆಯದು ವರ್ಷಕ್ಕೊಮ್ಮೆಯ ಮೇಲುನೋಟ. ಮನೆ ಕೈ ಬದಲಾದಾಗ ಅಥವಾ ಒಲೆ ಬದಲಾದಾಗ ಎರಡನೆಯದು ಬೇಕು, ಅದರಲ್ಲಿ ಹೊಗೆದಾರಿಯ ಉದ್ದಕ್ಕೂ ಕ್ಯಾಮೆರಾ ಹೋಗುತ್ತದೆ, ಅಟ್ಟವನ್ನೂ ನೆಲಮಾಳಿಗೆಯನ್ನೂ ನೋಡುತ್ತಾರೆ. ಗೋಡೆ ಒಡೆದು ನೋಡುವುದು ಮೂರನೆಯದು, ಅದು ನಿಮಗೆ ಬಾರದಿರಲಿ.

ಕ್ಯಾಮೆರಾ ಏನು ತೋರಿಸುತ್ತದೆ ಎನ್ನುವುದು ಮನೆಯ ವಯಸ್ಸಿನ ಮೇಲೆ ನಿಂತಿದೆ. ತುಂಬ ಹಳೆಯ ಮನೆಗಳ ಚಿಮಣಿಯಲ್ಲಿ ಒಳಕೊಳವೆಯೇ ಇರುವುದಿಲ್ಲ, ಬರೀ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆಯ ತೆಳು ಬಳಿಕೆ. ಹೊಗೆಯ ಆಮ್ಲ ಆ ಗಾರೆಯನ್ನು ದಶಕಗಟ್ಟಲೆ ನೆಕ್ಕಿ ನೆಕ್ಕಿ ಸಂದುಗಳನ್ನು ಖಾಲಿ ಮಾಡಿರುತ್ತದೆ. ನಮ್ಮ ಮನೆಯ ಕಾಲಕ್ಕೆ ಎರಡೆರಡು ಅಡಿಯ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಮೇಲೊಂದು ಪೇರಿಸುವುದು ರೂಢಿಗೆ ಬಂದಿತ್ತು. ಇಪ್ಪತ್ತೈದು ಅಡಿ ಏರುವ ಚಿಮಣಿಯಲ್ಲಿ ಕ್ಯಾಮೆರಾ ಇಳಿದಂತೆ ಮೂರು ಕಡೆ ಉದ್ದುದ್ದ ಸೀಳು, ಎರಡು ಕಡೆ ಬಾಯಿಬಿಟ್ಟ ಜೋಡಣೆ ಕಂಡವು. ಹಿಂದೆಂದೋ ಚಿಮಣಿ ಹೊತ್ತಿಕೊಂಡಿದ್ದರ ಗುರುತು ಇರಬಹುದು ಎಂದು ತಪಾಸಣೆಗೆ ಬಂದವರು ಸಲೀಸಾಗಿ ಹೇಳಿದರು. ನಾವು ಜನವರಿಯಲ್ಲಿ ಬೆಂಕಿ ಹಾಕಿ ಮುಖ ಕಾಯಿಸಿದ್ದು ಇದರ ಕೆಳಗೆ.

ಕ್ಯಾಮೆರಾಕ್ಕೆ ಕಾಣದ ಅಪಾಯ ಇಟ್ಟಿಗೆಯ ಆಚೆಗಿದೆ. ಚಿಮಣಿಗೂ ಮರದ ತೊಲೆಗಳಿಗೂ ನಡುವೆ ತೆರಪು ಬೇಕು, ಒಳಗಿನ ಚಿಮಣಿಗೆ 2 ಅಂಗುಲ, ಹೊರಗೋಡೆಯದಕ್ಕೆ 1 ಅಂಗುಲ. ಹಳೆಯ ಬಡಗಿಗಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದರೂ ಇಟ್ಟಿಗೆ ಗೋಡೆ ಗಟ್ಟಿಯಾಗಿದೆಯಲ್ಲ ಎಂದು ತೊಲೆಯ ತುದಿಯನ್ನು ಅದಕ್ಕೇ ಆನಿಸಿಬಿಟ್ಟಿದ್ದಾರೆ. ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಇದ್ದಿಲಾಗುತ್ತಾ ಬರುತ್ತದೆ, ಹೊತ್ತಿಕೊಳ್ಳಲು ಅದಕ್ಕೆ ಬೇಕಾದ ತಾಪವೂ ಇಳಿಯುತ್ತಾ ಹೋಗುತ್ತದೆ. ನೆಲಮಾಳಿಗೆಗೆ ಇಳಿದು ಅಗ್ಗಿಷ್ಟಿಕೆಯ ಅಡಿಯನ್ನು ಟಾರ್ಚ್ ಹಿಡಿದು ನೋಡಲು ಮರೆಯಬೇಡಿ. ಮುಂದಿನ ಕಲ್ಲುಹಾಸನ್ನು ಎರಕ ಹೊಯ್ಯುವಾಗ ಕೊಟ್ಟ ಮರದ ಆಸರೆಯನ್ನು ಗಾರೆಯವರು ಎಷ್ಟೋ ಮನೆಗಳಲ್ಲಿ ತೆಗೆಯದೆ ಹಾಗೆಯೇ ಬಿಟ್ಟು ಹೋಗಿದ್ದಾರೆ. ಬೆಂಕಿಯ ನೇರ ಕೆಳಗೆ ನೂರು ವರ್ಷದ ಒಣ ಹಲಗೆ. ನಮ್ಮಲ್ಲಿ ಇತ್ತು. ಕಿತ್ತು ಹಾಕಲು ಅರ್ಧ ಗಂಟೆ ಸಾಕಾಯಿತು.

ಇನ್ನು ಕಣ್ಣಿಗೆ ಮೊದಲು ರಾಚುವ ಸವೆತ, ಅಂದರೆ ಬೆಂಕಿಗೂಡಿನೊಳಗೆ ಉದುರುವ ಗಾರೆ, ಬಿರಿದ ಬೆಂಕಿ ಇಟ್ಟಿಗೆ. ಜನ ಇದಕ್ಕೇ ಹೆಚ್ಚು ಹೆದರುತ್ತಾರೆ, ನಾನು ಹೇಳುವುದಾದರೆ ಇದು ಕಡಿಮೆ ಚಿಂತೆಯದು. ಇನ್ಸರ್ಟ್ ತಾನೇ ಒಂದು ಬೆಂಕಿಗೂಡಾದ್ದರಿಂದ ಇನ್ನು ಮೇಲೆ ಈ ಇಟ್ಟಿಗೆಗೆ ಜ್ವಾಲೆ ತಾಗುವುದಿಲ್ಲ. ಹಾಗೆಂದು ಬಿಡುವಂತಿಲ್ಲ. ಸಂದುಗಳನ್ನು ಕೆರೆದು, ತಾಪ ತಡೆಯುವ ವಿಶೇಷ ಗಾರೆಯಿಂದ ತುಂಬಬೇಕು, ಸಡಿಲ ಇಟ್ಟಿಗೆ ಮತ್ತೆ ಕೂರಿಸಬೇಕು, ಬೂದಿ ಬೀಳಿಸುವ ಹಳೆಯ ಕಿಂಡಿಯನ್ನು ಮುಚ್ಚಬೇಕು. ಅಲ್ಲಿ ಸಾಮಾನ್ಯ ಸಿಮೆಂಟು ನಿಲ್ಲದು.

ಹೊರಗಿನ ಇಟ್ಟಿಗೆ ಕೆಲಸದಲ್ಲಿ ಸಿಮೆಂಟು ನಿಲ್ಲುತ್ತದೆ, ತೊಂದರೆ ಅದೇ. ಹಳೆಯ ಇಟ್ಟಿಗೆ ಮೆತು, ಅದರ ಸುಣ್ಣದ ಗಾರೆ ಅದಕ್ಕಿಂತ ಮೆತು. ಒಳಸೇರಿದ ನೀರು ಗಾರೆಯ ಮೂಲಕ ಆವಿಯಾಗಿ ಹೊರಬರುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಆ ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ನೀರಿಗೆ ಉಳಿದ ದಾರಿ ಇಟ್ಟಿಗೆಯೊಂದೇ. ಚಳಿಗಾಲದಲ್ಲಿ ಅದು ಒಳಗೇ ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಚಕ್ಕೆಯಾಗಿ ಕೆಡವುತ್ತದೆ. ಕರ್ನಾಟಕದಲ್ಲಿ ಹಳೆಯ ಸುಣ್ಣದ ಗೋಡೆಗಳಿಗೆ ಸಿಮೆಂಟು ಮೆತ್ತಿ ಹಾಳುಮಾಡಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದರ ಮೇಲೆ ಹಿಮದ ಪೆಟ್ಟು ಬೇರೆ. ನೆತ್ತಿಯ ಸಿಮೆಂಟು ಟೊಪ್ಪಿ ಬಿರಿದಿದ್ದರೆ, ಮಾಡು ಸೇರುವಲ್ಲಿನ ತಗಡು ಎದ್ದಿದ್ದರೆ ಅವನ್ನೂ ಮೊದಲೇ ಸರಿಮಾಡಿಸಬೇಕು. ಒಳಗೆ ಇಳಿಸುವ ಉಕ್ಕಿನ ಕೊಳವೆ ಹೊಗೆಯನ್ನು ಹೊರುತ್ತದೆಯೇ ಹೊರತು ಚಿಮಣಿಯನ್ನು ಹೊರುವುದಿಲ್ಲ.

ಕೊಳವೆ, ಗಂಟಲು, ಮುಚ್ಚಳ

ಆ ಕೊಳವೆಗೆ ಲೈನರ್ ಎಂದು ಹೆಸರು. ಬಳುಕುವ ಸ್ಟೇನ್‌ಲೆಸ್ ಉಕ್ಕಿನದು, ಸೌದೆಗೆ ಸಾಮಾನ್ಯವಾಗಿ ಟೈಟೇನಿಯಂ ಬೆರೆತ 316 ದರ್ಜೆ. ಒಲೆಯ ಬಾಯಿಯಷ್ಟೇ ಅಗಲವಾಗಿದ್ದು, ಒಲೆಯ ನೆತ್ತಿಯಿಂದ ಚಿಮಣಿಯ ತುದಿಯವರೆಗೆ ಒಂದೇ ಓಟದಲ್ಲಿ ಹೋಗಬೇಕು. ಅದರ ಮೈಗೆ ಅರ್ಧ ಅಂಗುಲ ದಪ್ಪದ ಸೆರಾಮಿಕ್ ನಾರಿನ ಕಂಬಳಿ ಹೊದಿಸಿ, ಮೇಲೆ ಉಕ್ಕಿನ ಬಲೆ ಎಳೆಯುತ್ತಾರೆ. ಈ ಕಂಬಳಿ ಇಲ್ಲದೆ ಬೆಲೆ ಇಳಿಸಿ ಹೇಳುವವರು ಸಿಗುತ್ತಾರೆ. ಒಪ್ಪಬೇಡಿ. ಕಂಬಳಿ ಹೊಗೆಯನ್ನು ತುದಿಯವರೆಗೂ ಬೆಚ್ಚಗಿಡುತ್ತದೆ, ಕ್ರಿಯೋಸೋಟ್ ಕೂರುವುದು ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಿಮ್ಮ ತೊಲೆಗಳು ಇಟ್ಟಿಗೆಗೆ ತಾಗಿದ್ದರೆ ಅಥವಾ ಮಣ್ಣಿನ ಕೊಳವೆ ಸೀಳಿದ್ದರೆ, ಲೈನರ್‌ನ ಸುರಕ್ಷತಾ ಪ್ರಮಾಣಪತ್ರ ನಿಂತಿರುವುದೇ ಆ ಕಂಬಳಿಯ ಮೇಲೆ.

ನಮ್ಮ ದೊಡ್ಡ ಹೊಗೆದಾರಿಯಲ್ಲಿ ಕಂಬಳಿ ಸೇರಿ ಏಳು ಅಂಗುಲ ದಾಟಿದ ಲೈನರ್ ಆರಾಮವಾಗಿ ಇಳಿಯಿತು. ಒಬ್ಬರು ಮಾಡಿನ ಮೇಲಿಂದ ಇಳಿಬಿಡುತ್ತಾರೆ, ತುದಿಗೆ ಶಂಕುವಿನಂಥ ಮೂತಿ, ಅದಕ್ಕೆ ಹಗ್ಗ. ಇನ್ನೊಬ್ಬರು ಕೆಳಗೆ ಅಗ್ಗಿಷ್ಟಿಕೆಯೊಳಗೆ ಕತ್ತು ತೂರಿಸಿ ಎಳೆಯುತ್ತಾರೆ. ಬಾವಿಯಿಂದ ಕೊಡ ಸೇದುವುದರ ತಿರುಗುಮುರುಗು. ಆದರೆ ಎಷ್ಟೋ ಮನೆಗಳ ಮಣ್ಣಿನ ಕೊಳವೆ ಒಂದು ಬದಿಗೆ ಏಳೇ ಅಂಗುಲ ಇರುತ್ತದೆ. ಅಲ್ಲಿ ಲೈನರನ್ನು ಮೊಟ್ಟೆಯಾಕಾರಕ್ಕೆ ಅದುಮಬೇಕು, ಇಲ್ಲವೇ ತಿರುಗುವ ಸುತ್ತಿಗೆ ಇಳಿಸಿ ಮಣ್ಣಿನ ಕೊಳವೆಗಳನ್ನೇ ಪುಡಿಗುಟ್ಟಿ ತೆಗೆಯಬೇಕು. ಎರಡನೆಯದು ದುಬಾರಿ, ಧೂಳಿನ ಕೆಲಸ, ಆದರೂ ಇಕ್ಕಟ್ಟಿನ ಚಿಮಣಿಗೆ ಅದೇ ಸರಿ.

ಕಷ್ಟ ಬಂದದ್ದು ಗಂಟಲಲ್ಲಿ. ಬೆಂಕಿಗೂಡಿನ ಮೇಲೆ ಹೊಗೆದಾರಿ ಕಿರಿದಾಗುವಲ್ಲಿ ಆ ದಾರಿಯನ್ನು ಮುಚ್ಚಿ ತೆರೆಯುವ ಎರಕದ ಕಬ್ಬಿಣದ ಡ್ಯಾಂಪರ್ ಇರುತ್ತದೆ, ಉದ್ದವಾಗಿ, ಐದು ಅಂಗುಲದೊಳಗಿನ ಅಗಲದಲ್ಲಿ. ದುಂಡನೆಯ ಲೈನರ್ ಅಲ್ಲಿ ತೂರುವುದಿಲ್ಲ. ಡ್ಯಾಂಪರ್‌ನ ತಟ್ಟೆಯನ್ನು ತೆಗೆದು, ಚೌಕಟ್ಟನ್ನು ಕತ್ತರಿಸಬೇಕು, ಕತ್ತರಿಸುವ ಮುನ್ನ ಆ ಚೌಕಟ್ಟು ಮೇಲಿನ ಇಟ್ಟಿಗೆಗೆ ಆಸರೆಯಾಗಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ನಮಗೆ ಮೊದಲು ಅಂದಾಜು ಬರೆದುಕೊಟ್ಟವರು ಇಷ್ಟೆಲ್ಲ ಏಕೆ, ಡ್ಯಾಂಪರ್ ದಾಟುವಷ್ಟು ಒಂದು ತುಂಡು ಕೊಳವೆ ಇಟ್ಟರೆ ಸಾಕು ಎಂದಿದ್ದರು. ಅದು ಸ್ಲ್ಯಾಮರ್‌ನ ಸೋದರಳಿಯ. ಅವರಿಗೆ ಚಹಾ ಕೊಟ್ಟು ಕಳಿಸಿದೆವು.

ಲೈನರ್ ಬಂತು, ಒಲೆಗೆ ಜೋಡಿಸಿದರು, ಅಷ್ಟಕ್ಕೇ ಕೆಲಸ ಮುಗಿಯಿತೆಂದು ಬಹುಪಾಲು ಜನ ಕೈತೊಳೆಯುತ್ತಾರೆ. ಗಂಟಲಿನ ಜಾಗದಲ್ಲಿ ಲೈನರ್‌ನ ಸುತ್ತ ಇನ್ನೂ ತೆರಪಿದೆ, ಒಲೆಯ ಬೆನ್ನಿಂದ ಹೊಮ್ಮುವ ಶಾಖ ಅಲ್ಲಿಂದ ಚಿಮಣಿಗೆ ಏರಿ ಹೋಗುತ್ತಲೇ ಇರುತ್ತದೆ. ದುಡ್ಡು ಸುರಿದು ಒಲೆ ತಂದು ಹೊರಗೋಡೆ ಕಾಯಿಸಿದಂತೆ. ಇದಕ್ಕೆ ಮದ್ದು ತಗಡಿನ ಮುಚ್ಚಳ: ಗಂಟಲಿನ ಅಳತೆಗೆ ಉಕ್ಕಿನ ತಗಡು ಕತ್ತರಿಸಿ, ನಡುವೆ ಲೈನರ್‌ಗೆ ತೂತು ಬಿಟ್ಟು, ಇಟ್ಟಿಗೆಗೆ ಬಿಗಿದು, ಅಂಚಿಗೆ ತಾಪ ತಡೆಯುವ ಅಂಟು ಹಚ್ಚಿ, ಮೇಲೆ ಕಲ್ಲುಣ್ಣೆ ತುಂಬುವುದು. ಕೆಲಸ ಅರ್ಧ ದಿನದ್ದು, ಸಾಮಾನಿಗೆ ಹೆಚ್ಚು ಖರ್ಚೂ ಇಲ್ಲ. ಒಮ್ಮೆ ಒಲೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲವಾದ್ದರಿಂದ ಅಂದಾಜು ಪಟ್ಟಿಯಲ್ಲೇ ಅದನ್ನು ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಬೆಚ್ಚಗೆ ಕೊಟ್ಟದ್ದು ಇದೇ ತಗಡು.

ಚಿಮಣಿಯ ತುದಿ ಮಾಡನ್ನು ಸೀಳಿ ಬಂದ ಜಾಗದಿಂದ ಕನಿಷ್ಠ 3 ಅಡಿ ಎತ್ತರ, ಹತ್ತು ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರ ಇರಬೇಕು. ಎರಡಂತಸ್ತಿನ ಹಳೆಯ ಮನೆಗಳಲ್ಲಿ ಇದಕ್ಕೆ ತೊಂದರೆಯಾಗುವುದು ಅಪರೂಪ.

ಒಲೆ ಆರಿಸುವಾಗ ಬೆಂಕಿಗೂಡಿನ ಬಾಯಿಯನ್ನಷ್ಟೇ ಅಳೆದು ಬರುವುದು ಎಲ್ಲರೂ ಮಾಡುವ ತಪ್ಪು. ಹಳೆಯ ಗೂಡುಗಳು ಹಿಂದೆ ಹೋದಂತೆ ಕಿರಿದಾಗುತ್ತವೆ, ಹಿಂಗೋಡೆ ಮೇಲೆ ಹೋದಂತೆ ಮುಂದಕ್ಕೆ ಬಾಗುತ್ತದೆ. ಹಿಂದಿನ ಅಗಲ, ಮೇಲ್ಭಾಗದ ಆಳ, ಈ ಎರಡು ಅಳತೆಗಳೇ ನಿಮ್ಮ ಒಲೆಯ ಗಾತ್ರವನ್ನು ತೀರ್ಮಾನಿಸುತ್ತವೆ. ಬಾಗಿಲಿನ ಮುಂದೆ ಬೆಂಕಿಗೆ ಜಗ್ಗದ ಹಾಸು ಸಾಮಾನ್ಯವಾಗಿ 16 ಅಂಗುಲ ಬೇಕು. ಒಲೆ ಮುಂದಕ್ಕೆ ಚಾಚಿಕೊಂಡಿದ್ದರೆ ಹಳೆಯ ಕಲ್ಲುಹಾಸು ಸಾಲದೆ ಹೋಗುತ್ತದೆ. ಮೇಲಿನ ಮರದ ಅಡ್ಡಪಟ್ಟಿಗೆ ಎಷ್ಟು ದೂರ ಬೇಕೆಂಬುದು ಒಲೆಯಿಂದ ಒಲೆಗೆ ಬೇರೆ, ಕೈಪಿಡಿ ಹೇಳಿದ್ದೇ ಕಾನೂನು. ಮ್ಯಾಸಚೂಸೆಟ್ಸ್‌ನಲ್ಲಿ ಊರಿನ ಕಟ್ಟಡ ಇಲಾಖೆಯ ಪರವಾನಗಿ ಬೇಕೇ ಬೇಕು. ಪರವಾನಗಿ ಇಲ್ಲದ ಒಲೆಯಿಂದ ಮನೆ ಸುಟ್ಟರೆ ವಿಮೆಯವರು ಕೇಳುವ ಮೊದಲ ಕಾಗದ ಅದು. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಗೂ ಇಲ್ಲಿ ಕಾನೂನಿದೆ, ಕಾನೂನಿಲ್ಲದ ಕಡೆಯಲ್ಲೂ ಹಾಕಿಸಿ.

ಸೌದೆಯ ಮಾತು

ಇಷ್ಟೆಲ್ಲ ಮಾಡಿ ಹಸಿ ಸೌದೆ ಹಾಕಿದರೆ ಎಲ್ಲ ನೀರಲ್ಲಿ ಹೋಮ. ಹೊಸ ಒಲೆಗಳು 20 ಶೇಕಡಕ್ಕಿಂತ ಕಡಿಮೆ ತೇವದ ಸೌದೆಗಷ್ಟೇ ಒಲಿಯುತ್ತವೆ. ತೇವ ಹೆಚ್ಚಿದ್ದರೆ ಬೆಂಕಿಯ ಬಲ ನೀರನ್ನು ಕುದಿಸುವುದರಲ್ಲೇ ಮುಗಿದು, ಹೊಗೆಯನ್ನು ಸುಡುವಷ್ಟು ಬಿಸಿ ಏರುವುದೇ ಇಲ್ಲ. ಆಗ ಲೈನರ್, ಕಂಬಳಿ ಏನಿದ್ದರೂ ಕ್ರಿಯೋಸೋಟ್ ತಪ್ಪದು. ಇಲ್ಲಿ ಮಾರುವವರು 'ಒಣ ಸೌದೆ' ಎನ್ನುವುದು ಬೆಂಗಳೂರಿನಲ್ಲಿ ಆಟೋದವರು 'ಇಲ್ಲೇ ಹತ್ತಿರ' ಎನ್ನುವಷ್ಟೇ ನಂಬಿಕಸ್ತ ಮಾತು. ತುಂಡನ್ನು ಸೀಳಿ, ಹೊಸದಾಗಿ ಸೀಳಿದ ಮುಖಕ್ಕೆ ತೇವಮಾಪಕದ ಸೂಜಿ ಚುಚ್ಚಿ ನೋಡಿ. ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ. ಓಕ್ ಮರಕ್ಕೆ ಸೀಳಿ ಪೇರಿಸಿದ ಮೇಲೂ ಎರಡು ವರ್ಷ ಬೇಕು. ಆ್ಯಶ್ ಮರ ಒಂದೇ ವರ್ಷಕ್ಕೆ ಒಣಗುತ್ತದೆ. ಏಷ್ಯಾದಿಂದ ಬಂದ ಒಂದು ಹಸಿರು ದುಂಬಿ ಈ ಭಾಗದ ಆ್ಯಶ್ ಮರಗಳನ್ನು ಸಾಲುಸಾಲಾಗಿ ಕೊಲ್ಲುತ್ತಿರುವುದರಿಂದ ಆ ಸೌದೆ ಈಗ ಬೇಕಾದಷ್ಟು ಸಿಗುತ್ತದೆ. ದುಂಬಿ ಸೌದೆಯ ಜೊತೆಗೇ ಊರು ದಾಟುವುದರಿಂದ ದೂರದಿಂದ ತರಬೇಡಿ ಎನ್ನುತ್ತಾರೆ. ಅಳತೆ ಕಾರ್ಡ್ ಲೆಕ್ಕದಲ್ಲಿ, ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದು ಒಟ್ಟಲು, 128 ಘನ ಅಡಿ. ನಾನು ಒಂದು ಬೇಸಿಗೆ ಮುಂಚೆಯೇ ಪೇರಿಸಿಟ್ಟು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದನ್ನು ಕಂಡು ಮನೆಯವರು ನಗುತ್ತಾರೆ.

ಹೊಸ ಒಲೆಗೆ ಮೊದಲ ಮೂರು ನಾಲ್ಕು ಬೆಂಕಿ ಚಿಕ್ಕದಾಗಿರಲಿ. ಬಣ್ಣ ಕಾದು ಗಟ್ಟಿಯಾಗುವಾಗ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ಹೊರಗೋಡೆಯ ಚಿಮಣಿಯಾದರೆ ಚಳಿಯ ಬೆಳಗ್ಗೆ ಅದರೊಳಗಿನ ತಣ್ಣನೆ ಗಾಳಿ ಕಲ್ಲಿನಂತೆ ಕೂತಿರುತ್ತದೆ, ಹೊಗೆ ಮೇಲೇರದೆ ಕೋಣೆಗೆ ಬರುತ್ತದೆ. ಸೌದೆಯ ಮೇಲ್ತುದಿಯಲ್ಲಿ ಚಕ್ಕೆ ಪುರಲೆ ಇಟ್ಟು ಮೇಲಿನಿಂದ ಹಚ್ಚಿದರೆ ಮೊದಲು ಚಿಮಣಿ ಬೆಚ್ಚಗಾಗುತ್ತದೆ. ಆ ಹೊತ್ತಿನಲ್ಲಿ ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಹಾಕಬೇಡಿ. ಕಿಟಕಿಗಳನ್ನೆಲ್ಲ ಭದ್ರಪಡಿಸಿದ ಮನೆಯಲ್ಲಿ ಫ್ಯಾನು ಗಾಳಿಗಾಗಿ ಹುಡುಕಾಡಿ ಚಿಮಣಿಯಿಂದಲೇ ಎಳೆದುಕೊಳ್ಳುತ್ತದೆ, ಒಗ್ಗರಣೆಗೂ ಒಲೆಗೂ ಜಗಳ ಹತ್ತುತ್ತದೆ. ರಾತ್ರಿ ಮಲಗುವಾಗ ಬೆಳಗಿನವರೆಗೆ ಉಳಿಯಲಿ ಎಂದು ಗಾಳಿಯನ್ನು ಪೂರ್ತಿ ಕಟ್ಟಿ ಹೊಗೆಯಾಡಿಸುವುದು ಹಳಬರ ಅಭ್ಯಾಸ, ಚಿಮಣಿಗೆ ಟಾರು ಬಳಿಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬೆಂಕಿ ಚೆನ್ನಾಗಿ ಹತ್ತಿ, ಮೇಲೆ ತೇಲುವ ಜ್ವಾಲೆ ಕಂಡ ಮೇಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು.

ಒಲೆ ಸರಿಯಾಗಿ ಉರಿಯುತ್ತಿದೆಯೇ ಎಂದು ತಿಳಿಯಲು ಅಂಗಳಕ್ಕೆ ಹೋಗಿ ಚಿಮಣಿ ನೋಡುತ್ತೇನೆ. ಹೊತ್ತಿಸಿದ ಹದಿನೈದು ಇಪ್ಪತ್ತು ನಿಮಿಷದ ನಂತರ ಹೊಗೆ ಕಾಣಬಾರದು, ಬಿಸಿಗೆ ಗಾಳಿ ನಡುಗುವುದಷ್ಟೇ ಕಾಣಬೇಕು. ಮೊದಲ ಚಳಿಗಾಲ ಮುಗಿದು ಏಪ್ರಿಲ್‌ನಲ್ಲಿ ಚಿಮಣಿ ಗುಡಿಸುವವರು ಬಂದು ಮೇಲಿನಿಂದ ಬ್ರಷ್ ಇಳಿಸಿದರು. ಒಲೆಯ ಅಡ್ಡಹಲಗೆ ತೆಗೆದು ಕೆಳಗೆ ಬಿದ್ದದ್ದನ್ನು ಬಾಚಿದಾಗ ಸಿಕ್ಕಿದ್ದು ಎರಡು ಲೋಟದಷ್ಟು ಒಣ ಕಂದು ಪುಡಿ.